ಗೋಡೆಯಗಲದ ಫೈಲು

ಮರುದಿನ ಬೆಳಿಗ್ಗೆ ಅತ್ತೆಯ ಕಣ್ಣಿನ ಆಪರೇಷನ್ನು, ಇತ್ತ ಅವತ್ತು ಬೆಳಗಿನಿಂದ ಎಷ್ಟು ಒತ್ತಿದರೂ ನನ್ನ ಫೈಲು ಸೇವ್ ಆಗುತ್ತಿರಲಿಲ್ಲ. ಸ್ಕ್ರೀನಿನ ನಟ್ಟನಡುವೆ ಒಂದು ಬೂದು ಚೌಕ ಬಂದು ಕೂತಿತ್ತು. ಫೈಲನ್ನು ಉಳಿಸಲು ಆಗಲಿಲ್ಲ ಎನ್ನುತ್ತಿತ್ತು. ಯಾಕಪ್ಪಾ ಎಂದರೆ ಪ್ರೋಗ್ರಾಮಿನಲ್ಲಿ ದೋಷವಂತೆ. ಎಂಥ ದೋಷ ಎಂದರೆ ತುಟಿ ಪಿಟಕ್ಕೆನ್ನುವುದಿಲ್ಲ. ಕೆಳಗೆ ‘ಸರಿ’ ಎಂಬ ಒಂದೇ ಒಂದು ಗುಂಡಿ. ಎಲ್ಲ ಕೆಟ್ಟು ಕೂತಿರುವಾಗ ಒತ್ತುವುದಕ್ಕೆ ‘ಸರಿ’ ಒಂದನ್ನೇ ಇಟ್ಟ ಮಹಾನುಭಾವ ನನ್ನ ಕೈಗೆ ಸಿಕ್ಕಿದ್ದರೆ, ಅವನ ಮುಖವನ್ನು ಯಾವ ಸಾಫ್ಟ್‌ವೇರೂ ತಿದ್ದಲಾಗದ ಹಾಗೆ ಮಾಡಿಬಿಡುತ್ತಿದ್ದೆ.

ನನ್ನ ಕಸುಬು ಫೋಟೋ ತಿದ್ದುವುದು. ಪ್ರಿಂಟ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಒಂದೇ ಕಿಟಕಿಯ ಕೋಣೆ, ಒಂದು ಮೇಜು, ಒಂದು ಕಾಲು ಗಿಡ್ಡವಾದ ಕುರ್ಚಿ, ದೊಡ್ಡ ಸ್ಕ್ರೀನಿನ ಹಳೆಯ ಕಂಪ್ಯೂಟರು. ಬೊಕ್ಕತಲೆಗೆ ಕೂದಲು ಬರಿಸುತ್ತೇನೆ, ಫ್ಲ್ಯಾಶಿಗೆ ಮುಚ್ಚಿಹೋದ ಕಣ್ಣು ತೆರೆಸುತ್ತೇನೆ, ಹೊಟ್ಟೆ ಕರಗಿಸುತ್ತೇನೆ. ಅದಕ್ಕಿಂತ ಹೆಚ್ಚಾಗಿ, ಒಂದೇ ಸೂರಿನಡಿ ನಿಲ್ಲಲೊಲ್ಲದವರನ್ನು ಒಂದೇ ಚಿತ್ರದಲ್ಲಿ ನಿಲ್ಲಿಸುತ್ತೇನೆ. ಅಣ್ಣ ಒಂದು ಊರಿನಿಂದ ಫೋಟೋ ಕಳಿಸುತ್ತಾನೆ, ತಮ್ಮ ಇನ್ನೊಂದು ಊರಿನಿಂದ. ಇಬ್ಬರ ಭುಜಕ್ಕೆ ಭುಜ ತಾಗಿಸುವುದು ನಾನು. ಹೀಗೆ ನನ್ನ ಮೇಜಿನ ಮೇಲೆ ಒಂದಾದ ಸಂಸಾರಗಳು ಎಷ್ಟೋ.

ಅತ್ತೆ ಇದನ್ನು ಕೆಲಸವೆಂದೇ ಒಪ್ಪುತ್ತಿರಲಿಲ್ಲ. ನನಗೆ ಕಂಪ್ಯೂಟರಮ್ಮ ಎಂದು ಹೆಸರಿಟ್ಟಿದ್ದರು. ಸಂಜೆ ಮನೆಗೆ ಹೋದರೆ ಸಾಕು, ಶುರು.

"ಕಂಪ್ಯೂಟರಮ್ಮ, ಇವತ್ತು ಯಾರ ಮೂಗು ನೆಟ್ಟಗೆ ಮಾಡಿದೆ?"

"ನಿಮ್ಮದೊಂದು ಬಾಕಿ ಇದೆ ಅತ್ತೆ. ಅದು ದೊಡ್ಡ ಕೆಲಸ, ನಿಧಾನವಾಗಿ ಮಾಡೋಣ."

ನಮ್ಮಿಬ್ಬರದು ಹೀಗೇ. ಅವರಿಗೂ ಕೋಪ ಮೂಗಿನ ತುದಿಯಲ್ಲಿ, ನನಗೂ ಅಲ್ಲೇ. ದಿನಕ್ಕೊಂದು ಸಲವಾದರೂ ಮಾತಿಗೆ ಮಾತು ಬೆಳೆಯದಿದ್ದರೆ ಇಬ್ಬರಿಗೂ ಮೈ ಸರಿಯಿಲ್ಲವೆಂದು ನನ್ನ ಗಂಡ ಲೆಕ್ಕ ಹಾಕುತ್ತಿದ್ದ.

ಅವರ ಒಂದು ಕಣ್ಣಿನ ಬೆಳಕು ಬಹಳ ಹಿಂದೆಯೇ ಹೋಗಿತ್ತು. ಇನ್ನೊಂದು ಕಣ್ಣಿಗೆ ಈಚೆಗೆ ಮಂಜು ಕವಿಯುತ್ತಾ ಬಂದು, ಏನನ್ನಾದರೂ ಮೂಗಿಗೆ ತಾಗಿಸಿಕೊಂಡು ನೋಡಿದರೆ ಮಾತ್ರ ಕಾಣುವ ಸ್ಥಿತಿ ಬಂತು. ಆಪರೇಷನ್ ಮಾಡಿದರೆ ಮಂಜು ಹರಿಯಬಹುದು, ಕೈಕೊಟ್ಟರೆ ಉಳಿದ ಚೂರೂ ಹೋಗಬಹುದು ಎಂದು ಡಾಕ್ಟರು ಅಂಗೈಯನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿ ತೋರಿಸಿದರು. ಒಪ್ಪಿಗೆಯ ಸಹಿ ಹಾಕುವ ಮಾತು ಬಂದಾಗ ಎಲ್ಲರೂ ಗೋಡೆ ನೋಡತೊಡಗಿದರು. ಅದಕ್ಕೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಮಾವನ ಎದೆಯ ಆಪರೇಷನ್ನಿಗೆ, ಊರಲ್ಲಿ ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ, ನನ್ನ ನಾದಿನಿ ಸಹಿ ಹಾಕಿದ್ದಳು. ಮಾವ ಆ ಮೇಜಿನಿಂದ ಎದ್ದು ಬರಲಿಲ್ಲ. "ನಿನ್ನ ಸಹೀನೇ ಅಪ್ಪನ್ನ ಕೊಂದಿದ್ದು" ಎಂದು ಭಾವ, ಅಂದರೆ ನನ್ನ ಗಂಡನ ಅಣ್ಣ, ಆಸ್ಪತ್ರೆಯ ಕಾರಿಡಾರಿನಲ್ಲೇ ಕೂಗಿಬಿಟ್ಟರು. ಅವತ್ತಿನಿಂದ ಅವರು ತಂಗಿಯ ಮುಖ ನೋಡಿಲ್ಲ. ಆಕೆ ಈ ಮನೆಯ ಹೊಸ್ತಿಲು ತುಳಿದಿಲ್ಲ.

ಅತ್ತೆ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ಅಥವಾ ನೋಡಿದಂತೆ ಮಾಡಿ, ಪೆನ್ನು ಕೇಳಿದರು.

"ಕೊಡಿ ಇಲ್ಲಿ. ನನ್ನ ಕಣ್ಣಿಗೆ ನನ್ನದೇ ಸಹಿ. ಆಮೇಲೆ ಯಾರೂ ಯಾರ ಮೇಲೂ ಹೇಳೋ ಹಾಗಿಲ್ಲ."

ಸಹಿ ಗೆರೆಯ ಮೇಲೆ ಬೀಳಲಿಲ್ಲ, ಪಕ್ಕದಲ್ಲೆಲ್ಲೋ ಬಿತ್ತು. ಮನೆಗೆ ಬಂದವರೇ ನನ್ನನ್ನು ಕರೆದರು. "ನೋಡು ಕಂಪ್ಯೂಟರಮ್ಮ, ಆಪರೇಷನ್ನಿಗೆ ಮುಂಚೆ ಎಲ್ರನ್ನೂ ಒಂದ್ಸಲ ಒಟ್ಟಿಗೆ ನೋಡ್ಬಿಡ್ಬೇಕು. ಆಮೇಲೆ ಕಣ್ಣು ಬಂದ್ರೆ ಬರ್ಲಿ, ಹೋದ್ರೆ ಹೋಗ್ಲಿ. ನಿನ್ನ ಪೆಟ್ಟಿಗೇಲಿ ಏನೇನೋ ಮಾಡ್ತೀಯಲ್ಲ, ಇದೊಂದು ಮಾಡ್ಕೊಡು. ಹಾಲಿನ ಗೋಡೆ ತುಂಬ ಇರ್ಲಿ, ಮುಖಗಳು ನಿಜವಾದ ಮುಖದಷ್ಟೇ ದೊಡ್ಡದಿರ್ಬೇಕು. ಎಲ್ರೂ ಇರ್ಲಿ."

ಎಲ್ರೂ ಎಂದರು, ಅಷ್ಟೇ. ಮಗಳ ಹೆಸರೆತ್ತಲಿಲ್ಲ. ಅವರು ನನ್ನಿಂದ ಜೀವಮಾನದಲ್ಲಿ ಕೇಳಿದ ಮೊದಲ ಕೆಲಸ ಇದು. ಮಾಡಿ ತೋರಿಸದಿದ್ದರೆ ನಾನೂ ನಾನಲ್ಲ ಎಂದು ಹಟ ಹಿಡಿದು ಕೂತೆ.

ಇಂಥ ಚಿತ್ರ ಕಟ್ಟುವುದು ಲೇಯರುಗಳಲ್ಲಿ. ಲೇಯರು ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಒಂದರ ಮೇಲೊಂದು ಜೋಡಿಸಿದ ಗಾಜಿನ ಹಾಳೆಗಳು ಎಂದುಕೊಳ್ಳಿ. ಒಂದೊಂದು ಹಾಳೆಯ ಮೇಲೆ ಒಬ್ಬೊಬ್ಬರು. ಮೇಲಿನಿಂದ ನೋಡಿದರೆ ಎಲ್ಲರೂ ಒಟ್ಟಿಗೆ ನಿಂತಂತೆ ಕಾಣುತ್ತದೆ. ಸ್ಕ್ರೀನಿನ ಪಕ್ಕದಲ್ಲಿ ಈ ಹಾಳೆಗಳ ಪಟ್ಟಿ ಇರುತ್ತದೆ, ಪ್ರತಿ ಹಾಳೆಗೂ ಒಂದು ಪುಟ್ಟ ಕಣ್ಣಿನ ಗುರುತು. ಅದನ್ನು ಒತ್ತಿದರೆ ಆ ಹಾಳೆ ಮಾಯ. ಅಳಿಸಿಹೋಗುವುದಿಲ್ಲ, ಅಡಗಿ ಕೂರುತ್ತದೆ. ಮತ್ತೆ ಒತ್ತಿದರೆ ಎದ್ದು ಬರುತ್ತದೆ. ನಾನು ಯಾವುದನ್ನೂ ಅಳಿಸುವವಳಲ್ಲ. ಬೇಡವಾದದ್ದರ ಕಣ್ಣು ಮುಚ್ಚಿ ಅಲ್ಲೇ ಬಿಟ್ಟಿರುತ್ತೇನೆ. ಯಾವಾಗ ಯಾವುದು ಬೇಕಾಗುತ್ತದೋ ಯಾರಿಗೆ ಗೊತ್ತು?

ಹಾಳೆಗಳಿಗೆ ಹೆಸರಿಡುವುದು ನನ್ನದೊಂದು ಚಟ. ಭಾವನ ಹಾಳೆಗೆ ‘ಗೊಣಗು’. ಅವರ ಹೆಂಡತಿಯದಕ್ಕೆ ‘ನಿಟ್ಟುಸಿರು’. ನನ್ನ ಗಂಡನಿಗೆ ‘ಹೂಂ ಹೂಂ’, ಅವನು ಅದಕ್ಕಿಂತ ಹೆಚ್ಚು ಮಾತಾಡುವುದು ಅಪರೂಪ. ಮಾವನ ಹಾಳೆಗೆ ಮಾತ್ರ ‘ಮಾವ’ ಎಂದೇ ಇಟ್ಟಿದ್ದೆ. ಇನ್ನು ನಾನು ಎಲ್ಲರ ಹಿಂದೆ, ಬಲ ಅಂಚಿನಲ್ಲಿ ಗೋಡೆಗೆ ಒರಗಿ ನಿಂತವಳು. ಹಿಂದೆ ನಿಂತವರ ಹಾಳೆ ಪಟ್ಟಿಯಲ್ಲಿ ತೀರಾ ಕೆಳಗೆ ಇರುತ್ತದೆ, ನನ್ನದೂ ಅಲ್ಲೇ ಇತ್ತು.

ಕೆಲಸ ಶುರುವಾದ ಮೇಲೆ ಒಂದು ದಿನ ಭಾವ ಮಹಡಿ ಹತ್ತಿ ಬಂದು ನನ್ನ ಬೆನ್ನ ಹಿಂದೆ ನಿಂತರು. ಸ್ಕ್ರೀನನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಎಲ್ರೂ ಅಂದ್ರೆ ಎಲ್ರೂ ಅಲ್ಲ. ಗೊತ್ತಾಯ್ತೇನಮ್ಮ?"

"ಗೊತ್ತಾಯ್ತು ಭಾವ," ಎಂದೆ. ಗೊತ್ತಾಗಿದ್ದು ನಿಜ, ಒಪ್ಪಿಕೊಂಡೆನೆಂದು ಹೇಳಲಿಲ್ಲವಲ್ಲ.

ಅವತ್ತೇ ನಾದಿನಿಗೆ ಫೋನು ಮಾಡಿದೆ. "ಬೇಡ ಅತ್ತಿಗೆ. ಆಪರೇಷನ್ ಹೊತ್ತಲ್ಲಿ ಅಮ್ಮಂಗೆ ಜಗಳ ಕೇಳ್ಸೋದು ಬೇಡ. ಫೋಟೋ ಕಳಿಸ್ತೀನಿ, ನಿಮ್ಮ ಹತ್ರ ಸುಮ್ನೆ ಇರ್ಲಿ" ಎಂದಳು. ಅಡುಗೆಮನೆಯ ಕಿಟಕಿಯ ಪಕ್ಕ ನಿಂತು, ಒಂದು ಕೈಯನ್ನು ಕಟ್ಟೆಯ ಮೇಲಿಟ್ಟು ತೆಗೆಸಿಕೊಂಡ ಫೋಟೋ ಬಂತು. ಬೆಳಕು ತಪ್ಪು ದಿಕ್ಕಿನಿಂದ ಬೀಳುತ್ತಿತ್ತು. ಉಳಿದವರಿಗೆಲ್ಲ ಬಲಗಡೆಯಿಂದ ಬೆಳಕು, ಇವಳಿಗೆ ಎಡಗಡೆಯಿಂದ. ಕನ್ನಡಿಯಲ್ಲಿ ಕಂಡ ಹಾಗೆ ಫೋಟೋವನ್ನು ತಿರುಗಿಸಿ, ಕಟ್ಟೆಯ ಮೇಲಿದ್ದ ಕೈಯನ್ನು ಅತ್ತೆಯ ಕುರ್ಚಿಯ ಬೆನ್ನಿನ ಮೇಲೆ ಇರಿಸಿದೆ. ಎಷ್ಟು ಸರಿಯಾಗಿ ಕೂತಿತೆಂದರೆ, ಆ ಕೈ ಹುಟ್ಟಿದ್ದೇ ಆ ಕುರ್ಚಿಯನ್ನು ಹಿಡಿಯಲು ಅನ್ನಿಸಿತು. ಆಮೇಲೆ ಹಾಳೆಗೆ ‘ಪರದೆ ಎರಡು’ ಎಂದು ಸುಳ್ಳು ಹೆಸರು ಕೊಟ್ಟು ಕಣ್ಣು ಮುಚ್ಚಿದೆ. ಕಿಟಕಿಯ ಪರದೆಗೆಂದು ನಾನು ಮಾಡಿ ಬಿಟ್ಟ ಹಾಳೆಗಳು ಬೇಕಾದಷ್ಟಿದ್ದವು, ಅವುಗಳ ನಡುವೆ ಭಾವನಿಗೆ ಯಾವುದು ಏನೆಂದು ತಿಳಿಯುವ ಹಾಗಿರಲಿಲ್ಲ.

ಫೈಲು ಕೆಟ್ಟದ್ದು ಯಾಕೆ ಎಂಬುದಕ್ಕೆ ಉತ್ತರವೂ ಇದೇ ಕೆಲಸದಲ್ಲಿತ್ತು, ನನಗೆ ಹೊಳೆದಿರಲಿಲ್ಲ. ಗೋಡೆಯಷ್ಟು ದೊಡ್ಡ ಚಿತ್ರವನ್ನು ಯಾರೂ ಫೋಟೋದಷ್ಟು ನಯವಾಗಿ ಮಾಡುವುದಿಲ್ಲ. ರಸ್ತೆಯ ಬ್ಯಾನರನ್ನು ಹತ್ತಿರ ಹೋಗಿ ನೋಡಿದರೆ ಬರೀ ಚುಕ್ಕೆ, ದೂರದಿಂದ ನೋಡುವವರಿಗೆ ಅಷ್ಟು ಸಾಕು. ಆದರೆ ನನ್ನ ಚಿತ್ರ ನೋಡುವವರು ಮೂಗು ತಾಗಿಸಿ ನೋಡುವವರು. ಅವರಿಗೆ ಮಗನ ಮುಖದ ಬದಲು ಚುಕ್ಕೆ ಕಂಡರೆ? ಹಾಗಾಗಿ ಗೋಡೆಯಗಲವೂ ಇರಲಿ, ಕೈಯಲ್ಲಿ ಹಿಡಿದ ಫೋಟೋದ ನಯವೂ ಇರಲಿ ಎಂದು ಎರಡನ್ನೂ ಹಿಡಿದೆ. "ಏನ್ ಮೇಡಂ, ಆನೆಗೆ ಪಾಸ್‌ಪೋರ್ಟ್ ಫೋಟೋನಾ?" ಎಂದು ಕೆಳಗಿನ ಪ್ರಿಂಟ್ ಅಂಗಡಿಯವರು ನಕ್ಕಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊನ್ನೆಯಿಂದ ಸೇವ್ ಆಗಿರಲಿಲ್ಲ. ಮೊನ್ನೆ ಒಮ್ಮೆ ತಕರಾರು ಮಾಡಿದಾಗ, ಇರಲಿ, ನಾಳೆ ಸರಿಹೋಗುತ್ತೆ ಎಂದು ಯಂತ್ರವನ್ನು ಆರಿಸದೆ ಹಾಗೇ ಬಿಟ್ಟು ಹೋಗಿದ್ದೆ. ಆಮೇಲೆ ಮಾಡಿದ್ದೆಲ್ಲ, ಬಟಾಣಿಯಷ್ಟಿದ್ದ ಹಳೆಯ ಫೋಟೋದಿಂದ ಕಟ್ಟಿ ನಿಲ್ಲಿಸಿದ ಮಾವನ ಮುಖವೂ ಸೇರಿ, ಈ ಯಂತ್ರದ ತಲೆಯೊಳಗೆ ಮಾತ್ರ ಇತ್ತು. ಆರಿಸಿದರೆ ಹೋಯಿತು. ಬೆಳಗಿನಿಂದ ನಾನು ಕಕ್ಕಸಿಗೆ ಹೋದರೂ ಬಾಗಿಲಲ್ಲಿ ನಿಂತು ತಿರುಗಿ ತಿರುಗಿ ನೋಡುತ್ತಿದ್ದೆ. ಯಂತ್ರದ ಫ್ಯಾನು ಏದುಸಿರು ಬಿಡುತ್ತಿತ್ತು. ಅದರ ಬೆನ್ನ ಮೇಲೆ ಕೈಯಿಟ್ಟರೆ ಜ್ವರ ಬಂದ ಮೈಯಷ್ಟು ಬಿಸಿ.

ಡಿಸ್ಕಿನಲ್ಲಿ ಜಾಗ ಕಡಿಮೆ ಎಂದು ಎಲ್ಲೋ ಒಂದು ಮೂಲೆಯಲ್ಲಿ ಕಾಣಿಸಿತು. ಸರಿ, ಹಳೆಯ ಕೆಲಸಗಳನ್ನು ಕಿತ್ತು ಎಸೆದೆ. ಯಾರದೋ ಮದುವೆ, ಯಾರದೋ ನಿವೃತ್ತಿ, ಶಾಲೆಯ ಗುಂಪು ಚಿತ್ರಗಳು. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಮತ್ತೆ ಸೇವ್ ಒತ್ತಿದೆ. ಬೂದು ಚೌಕ ಬಂತು. ಕೆಳಗೆ ಓಡಿಹೋಗಿ ಪ್ರಿಂಟ್ ಅಂಗಡಿಯಿಂದ ಹೊಸ ಪೆನ್‌ಡ್ರೈವ್ ತಂದು ಚುಚ್ಚಿದೆ. ಪೂರ್ತಿ ಖಾಲಿ ಇದ್ದರೂ, ಇಷ್ಟು ದೊಡ್ಡ ಫೈಲು ತನಗೆ ಹಿಡಿಸುವುದಿಲ್ಲ ಎಂದಿತು. ಇಡೀ ಮನೆ ಖಾಲಿ ಇಟ್ಟುಕೊಂಡು ನೆಂಟರಿಗೆ ಜಾಗವಿಲ್ಲ ಎನ್ನುವವರನ್ನು ನಾನು ನೋಡಿದ್ದೇನೆ, ಪೆನ್‌ಡ್ರೈವೂ ಅದೇ ಜಾತಿಯೆಂದು ಅವತ್ತು ತಿಳಿಯಿತು.

ಕೊನೆಗೆ ರೀಸ್ಟಾರ್ಟಿಗೆ ಫೋನು ಮಾಡಿದೆ. ರೀಸ್ಟಾರ್ಟ್ ನಮ್ಮ ಬೀದಿಯ ಕಂಪ್ಯೂಟರ್ ರಿಪೇರಿಯವರು. ವಯಸ್ಸಾದ, ತಾಳ್ಮೆಯ ಮನುಷ್ಯ. ಯಾವ ಕಾಯಿಲೆ ಹೇಳಿದರೂ ಮೊದಲು ರೀಸ್ಟಾರ್ಟ್ ಮಾಡಿ ಎನ್ನುವುದರಿಂದ ಅದೇ ಅವರ ಹೆಸರಾಗಿತ್ತು.

"ಮೇಡಂ, ಒಂದ್ಸಲ ರೀ..."

"ಆ ಮಾತೊಂದು ಬಾಯಿಂದ ಬಂದ್ರೆ ನೋಡಿ! ಮೊನ್ನೆಯಿಂದ ಮಾಡಿದ್ದು ಇದರ ಹೊಟ್ಟೇಲೇ ಇದೆ. ಆರಿಸಿದ್ರೆ ನಾನು ಸತ್ತೆ."

ಪಾಪ, ಕೈಯಲ್ಲಿದ್ದ ಮೊದಲ ಮದ್ದನ್ನೇ ಕಿತ್ತುಕೊಂಡ ಹಾಗಾಯಿತು. ಸ್ವಲ್ಪ ಹೊತ್ತು ಕೆಮ್ಮಿದರು. "ಹಾಗಾದ್ರೆ ಯಾವುದೋ ಒಂದು ಲೇಯರ್ ಕೆಟ್ಟಿರ್ಬೇಕು. ಒಂದೊಂದರ ಕಣ್ಣು ಮುಚ್ಚಿ, ಸೇವ್ ಕೊಟ್ಟು ನೋಡ್ತಾ ಹೋಗಿ. ಯಾವುದನ್ನ ಮುಚ್ಚಿದಾಗ ಸೇವ್ ಆಗುತ್ತೋ ಅದೇ ಕಳ್ಳ. ಅಷ್ಟರಲ್ಲಿ ನಾನೂ ಸ್ವಲ್ಪ ವಿಚಾರಿಸ್ತೀನಿ."

ಯಾರಿಂದ ಶುರು ಮಾಡುವುದು? ಅತ್ತೆಯ ಹಾಳೆಯ ಕಣ್ಣು ಮುಚ್ಚಲು ಕೈ ಬರಲಿಲ್ಲ, ನಾಳೆ ಬೆಳಗಾದರೆ ಆಪರೇಷನ್ನು. ಮಾವ ಒಂದು ಸಲ ಕಣ್ಣು ಮುಚ್ಚಿದವರು, ಅವರದ್ದನ್ನು ಮತ್ತೊಂದು ಸಲ ಮುಚ್ಚುವುದೇ? ಪರೀಕ್ಷೆಗೆ ನಾನೇ ವಾಸಿ ಎಂದು ಪಟ್ಟಿಯ ಬುಡಕ್ಕೆ ಇಳಿದು ನನ್ನ ಕಣ್ಣು ಒತ್ತಿದೆ. ಬಲ ಅಂಚಿನಲ್ಲಿದ್ದ ನಾನು ಮಾಯವಾಗಿ ಬರೀ ಗೋಡೆ ಉಳಿಯಿತು. ಸೇವ್ ಕೊಟ್ಟೆ. ಹಸಿರು ಪಟ್ಟಿ ಸ್ವಲ್ಪ ತೆವಳಿ ನಿಂತಿತು. ಬೂದು ಚೌಕ. ಕಳ್ಳಿ ನಾನಲ್ಲ.

ಅದೇ ಹೊತ್ತಿಗೆ ಕರೆಂಟು ಹೋಯಿತು.

ಮೇಜಿನ ಕೆಳಗಿನ ಬ್ಯಾಟರಿ ಪೆಟ್ಟಿಗೆ ಕೀ ಕೀ ಎಂದು ಬಡಿದುಕೊಳ್ಳತೊಡಗಿತು. ಅದು ಹಳೆಯದು, ಎಷ್ಟು ಹೊತ್ತು ತಡೆಯುತ್ತದೋ ನಂಬಿಕೆಯಿಲ್ಲ. ಅದಕ್ಕೆ ಸಿಕ್ಕಿಸಿದ್ದ ಸ್ಪೀಕರು, ಸ್ಕ್ಯಾನರು, ಫೋನಿನ ಚಾರ್ಜರು ಎಲ್ಲವನ್ನೂ ಕಿತ್ತೆಸೆದೆ. ಮಂಡಿಯೂರಿ ಆ ಪೆಟ್ಟಿಗೆಯನ್ನು ತಬ್ಬಿಕೊಂಡು ಕೂತೆ, ತಬ್ಬಿಕೊಂಡರೆ ಅದಕ್ಕೆ ಶಕ್ತಿ ಬರುತ್ತದೆ ಎಂಬ ಹಾಗೆ. "ತಡ್ಕೋ, ತಡ್ಕೋ, ನಿನ್ನ ದಮ್ಮಯ್ಯ" ಎನ್ನುತ್ತಿದ್ದೆ. ಯಾರಾದರೂ ಬಾಗಿಲು ತೆರೆದಿದ್ದರೆ ನನ್ನನ್ನೇ ಆಸ್ಪತ್ರೆಗೆ ಸೇರಿಸುತ್ತಿದ್ದರು.

ಕರೆಂಟು ಬಂತು. ಎದ್ದು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಭಾವನ ಫೋನು.

"ಆಯ್ತೇನಮ್ಮ? ಅಮ್ಮ ಆಗಲೇ ಹಾಲ್‌ನಲ್ಲಿ ಕುರ್ಚಿ ಹಾಕಿಸ್ಕೊಂಡು ಖಾಲಿ ಗೋಡೆ ನೋಡ್ಕೊಂಡು ಕೂತಿದಾರೆ. ನೋಡೋಕಾಗ್ತಿಲ್ಲ."

"ಬರ್ತಿದೆ ಭಾವ, ಬರ್ತಿದೆ," ಎಂದು ಫೋನು ಇಟ್ಟೆ. ಖಾಲಿ ಗೋಡೆಯ ಎದುರು ಕೂತ ಅತ್ತೆ ಕಣ್ಣ ಮುಂದೆ ಬಂದರು. ಅವರ ಮೇಲೂ ಸಿಟ್ಟು ಬಂತು. ಇಷ್ಟು ವರ್ಷ ನನ್ನ ಕೆಲಸವನ್ನು ಆಡಿಕೊಂಡು ನಕ್ಕವರು, ಈಗ ತಮ್ಮ ಕಣ್ಣನ್ನೇ ತಂದು ಅದರ ಮೇಲೆ ಇಟ್ಟು ಕೂತಿದ್ದಾರಲ್ಲ!

ಗೊಣಗು, ಅಂದರೆ ಭಾವನ ಹಾಳೆ ಮುಚ್ಚಿದೆ, ಸೇವ್ ಕೊಟ್ಟೆ, ಆಗಲಿಲ್ಲ, ತೆರೆದೆ. ನಿಟ್ಟುಸಿರು ಮುಚ್ಚಿದೆ, ಆಗಲಿಲ್ಲ, ತೆರೆದೆ. ಹೂಂ ಹೂಂ ಮುಚ್ಚಿದೆ, ತೆರೆದೆ. ಮೊಮ್ಮಕ್ಕಳನ್ನು ಒಬ್ಬೊಬ್ಬರಾಗಿ ಮಾಯ ಮಾಡಿ ವಾಪಸು ತಂದೆ. ಯಾರೂ ಕಳ್ಳರಲ್ಲ. ಕುರ್ಚಿಯಿಂದ ಎದ್ದು ಕಿಟಕಿಯವರೆಗೆ ಹೋದೆ, ವಾಪಸು ಬಂದೆ, ಮತ್ತೆ ಹೋದೆ. ಎದುರಿನ ಕಟ್ಟಡದ ಮಹಡಿಯಲ್ಲಿ ಒಬ್ಬಾಕೆ ಬಟ್ಟೆ ಮಡಚುತ್ತಿದ್ದಳು. ಎಷ್ಟು ನೆಮ್ಮದಿಯಾಗಿ ಮಡಚುತ್ತಿದ್ದಳೆಂದರೆ, ಅವಳನ್ನು ಕಂಡೂ ಮೈ ಉರಿಯಿತು.

ರೀಸ್ಟಾರ್ಟ್ ತಾವೇ ಫೋನು ಮಾಡಿದರು. "ಮೇಡಂ, ಫೈಲ್ ಎಷ್ಟು ದೊಡ್ಡದಿದೆ?"

ಹೇಳಿದೆ. ಆ ಕಡೆಯಿಂದ ಒಂದು ಸಿಳ್ಳೆ ಕೇಳಿಸಿತು.

"ಯಾವ ಲೇಯರೂ ಕೆಟ್ಟಿಲ್ಲ ಬಿಡಿ. ನೀವು ಮಾಮೂಲಿ ಉಳಿಸೋ ಮಾದರಿಗೆ ಒಂದು ಮಿತಿ ಇದೆ. ಅದನ್ನ ಯಾವತ್ತೋ ದಾಟಿದೀರಿ. ದೊಡ್ಡ ಫೈಲಿಗೇ ಅಂತ ಬೇರೆ ಮಾದರಿ ಇದೆ, ಸೇವ್ ಪಟ್ಟೀಲಿ ಹುಡುಕಿ."

ಹುಡುಕಿದೆ, ಇತ್ತು. ಇಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿ ಒಂದು ದಿನವೂ ಕಣ್ಣೆತ್ತಿ ನೋಡಿರಲಿಲ್ಲ. ಅದನ್ನು ಆಯ್ಕೆ ಮಾಡಿ ಸೇವ್ ಕೊಟ್ಟೆ. ಹಸಿರು ಪಟ್ಟಿ ಹೊರಟಿತು. ಅರ್ಧ ದಾಟಿತು. ನಿಂತಿತು. ಡಿಸ್ಕಿನಲ್ಲಿ ಜಾಗವಿಲ್ಲ ಎಂದಿತು. ಎಲ್ಲವನ್ನೂ ಬೆಸೆದು ಒಂದೇ ಹಾಳೆ ಮಾಡಿಬಿಡೋಣವೆಂದರೆ, ಅದಕ್ಕೂ ಜಾಗ ಸಾಲದೆಂದು ರಾಗ ಎಳೆಯಿತು.

"ಅರ್ಧ ದಾರೀಲಿ ಕೈ ಕೊಡ್ತು," ಎಂದೆ.

"ಭಾರ ಇಳಿಸ್ಬೇಕು ಮೇಡಂ. ಕಣ್ಣು ಮುಚ್ಚಿ ಇಟ್ಕೊಂಡಿರೋ ಲೇಯರ್ ತುಂಬಾ ಇವೆಯಾ?"

"ಇವೆ ಒಂದೆರಡು," ಎಂದೆ. ಅಟ್ಟದ ಮೇಲೆ ಏನೇನಿದೆ ಎಂದು ಯಾರಾದರೂ ಕೇಳಿದರೆ ತೇಲಿಸಿ ಹೇಳುತ್ತೇವಲ್ಲ, ಹಾಗೆ.

"ಇರುತ್ತೆ ಬಿಡಿ, ಎಲ್ರೂ ಇಟ್ಕೊಂಡಿರ್ತಾರೆ. ಅಡಗಿಸಿರೋದನ್ನೆಲ್ಲ ಒಂದೇ ಏಟಿಗೆ ಅಳಿಸೋ ಆಜ್ಞೆ ಒಂದಿದೆ, ಅದನ್ನ ಕೊಡಿ. ಆಮೇಲೆ ಯಂತ್ರದ ಹಿಂದಿನ ನೆನಪನ್ನೂ ಖಾಲಿ ಮಾಡ್ಬೇಕು. ಇಲ್ದಿದ್ರೆ ಅಳಿಸಿದ್ದೂ ಜಾಗ ತಿಂತಾನೇ ಇರುತ್ತೆ. ಆದ್ರೆ ಒಂದು ಮಾತು, ಅಷ್ಟು ಮಾಡಿದ್ಮೇಲೆ ಯಾವುದನ್ನೂ ವಾಪಸ್ ತರೋಕಾಗಲ್ಲ. ಮೊದಲೇ ಹೇಳಿದೀನಿ."

ಕೆಳಗಿನಿಂದ ಪ್ರಿಂಟ್ ಅಂಗಡಿಯವರು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು. "ಮೇಡಂ, ಇನ್ನು ಸ್ವಲ್ಪ ಹೊತ್ತು ಅಷ್ಟೇ! ಮೆಷೀನ್ ಆರಿಸ್ತೀನಿ!"

ಆಜ್ಞೆಯ ಮೇಲೆ ಬಾಣದ ಗುರುತು ತಂದು ನಿಲ್ಲಿಸಿದೆ. ಒತ್ತಲಿಲ್ಲ. ಅಡಗಿ ಕೂತವರಲ್ಲಿ ‘ಪರದೆ ಎರಡು’ ಕೂಡ ಇದ್ದಳಲ್ಲ.

ಇಷ್ಟು ದಿನ ನಾನು ಎರಡೂ ಕಡೆಯವಳಾಗಿದ್ದೆ. ಭಾವನಿಗೆ ಹಾಕಿಲ್ಲ ಎಂದೂ ಹೇಳಬಹುದಿತ್ತು, ನಾದಿನಿಗೆ ಇಟ್ಟುಕೊಂಡಿದ್ದೇನೆ ಎಂದೂ ಹೇಳಬಹುದಿತ್ತು. ಕಣ್ಣು ಮುಚ್ಚಿ ಇಡುವುದರ ಸುಖವೇ ಅದು. ಈಗ ಅಡಗಿಸಿಡಲು ಜಾಗವಿಲ್ಲ ಎಂದು ಯಂತ್ರ ಖಡಾಖಂಡಿತವಾಗಿ ಹೇಳಿಬಿಟ್ಟಿತ್ತು. ಅವಳು ಒಂದೋ ಎಲ್ಲರೆದುರು ನಿಲ್ಲಬೇಕು, ಇಲ್ಲವೇ ಹೋಗಬೇಕು. ಅವಳ ಫೋಟೋ ನನ್ನ ಫೋನಿನಲ್ಲಿ ಇದ್ದೇ ಇತ್ತು, ಇನ್ನೊಂದು ದಿನ ಮತ್ತೆ ಕೂರಿಸಬಹುದಿತ್ತು. ಆದರೆ ಅತ್ತೆಗೆ ಖಚಿತವಾಗಿ ಕಣ್ಣು ಕಾಣುವುದು ಇವತ್ತಿನ ಸಂಜೆಯವರೆಗೆ. ಭಾವ ರಂಪ ಮಾಡುತ್ತಾರೆ. ಆಪರೇಷನ್ನಿನ ಹಿಂದಿನ ಸಂಜೆ ಅತ್ತೆಗೆ ರಕ್ತದೊತ್ತಡ ಏರಿದರೆ? ಏರಿ, ಏನಾದರೂ ಆದರೆ, ಆ ಸಹಿಯ ಹಾಗೆ ಇದೂ ನನ್ನ ತಲೆಗೆ ಬರುತ್ತದೆ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಎಲ್ರೂ ಇರ್ಲಿ ಎಂದಿದ್ದರು ಅತ್ತೆ. ಎಲ್ಲರೂ ಎಂದರೆ ಎಲ್ಲರೂ ಅಲ್ಲ ಎಂದು ಅವರು ಹೇಳಿರಲಿಲ್ಲ.

ಪಟ್ಟಿಯ ಮೇಲಿನ ಭಾಗದಲ್ಲಿ ಪರದೆಗಳನ್ನು ಹುಡುಕಿದೆ. ಒಂದು, ಮೂರು, ನಾಲ್ಕು, ಹಾಳಾದ್ದು ಎರಡು ಎಲ್ಲಿ? ಸಿಕ್ಕಿತು. ಕಣ್ಣು ತೆರೆದೆ. ಅತ್ತೆಯ ಕುರ್ಚಿಯ ಬೆನ್ನಿನ ಮೇಲೆ ಒಂದು ಕೈ ಮೂಡಿತು, ಆ ಕೈಯ ಮೇಲೆ ನಾದಿನಿ ಮೂಡಿದಳು. ಮತ್ತೆ ಯೋಚಿಸಿದರೆ ಮನಸ್ಸು ತಿರುಗೀತೆಂದು ಆ ಕ್ಷಣವೇ ಆಜ್ಞೆ ಒತ್ತಿಬಿಟ್ಟೆ. ಅಡಗಿದ್ದ ಹಾಳೆಗಳೆಲ್ಲ ಒಂದೇ ಏಟಿಗೆ ಹೋದವು, ಪಟ್ಟಿ ಪುಟ್ಟದಾಯಿತು. ಹಿಂದಿನ ನೆನಪನ್ನೂ ಖಾಲಿ ಮಾಡಿದೆ. ಸೇವ್ ಕೊಟ್ಟೆ.

ಹಸಿರು ಪಟ್ಟಿ ಹೊರಟಿತು. ಅರ್ಧಕ್ಕೆ ಬಂದಾಗ ನೋಡಲಾಗದೆ ಗೋಡೆಯ ಕಡೆ ತಿರುಗಿ ನಿಂತೆ. ಆಮೇಲೆ ತಿರುಗಿ ನೋಡದಿರಲೂ ಆಗಲಿಲ್ಲ. ಪಟ್ಟಿ ತುಂಬಿ ಮಾಯವಾಗಿತ್ತು. ಬೂದು ಚೌಕವಿಲ್ಲ. ಏನೂ ಇಲ್ಲ. ಕೆಲಸ ಕೆಟ್ಟಾಗ ಅಷ್ಟು ಬೊಬ್ಬೆ ಹಾಕುವ ಯಂತ್ರ, ಕೆಲಸ ಆದಾಗ ಒಂದು ಮಾತೂ ಆಡುವುದಿಲ್ಲ. ನಾನೇ ಕೂಗಿದೆ. ಎದುರು ಮಹಡಿಯ ಬಟ್ಟೆಯಾಕೆ ಬೆಚ್ಚಿಬಿದ್ದು ಇತ್ತ ನೋಡಿದಳು.

ಕೆಳಗೆ ದೊಡ್ಡ ಮೆಷೀನಿನಿಂದ ಚಿತ್ರ ಬೆರಳಗಲ ಬೆರಳಗಲವಾಗಿ ಇಳಿಯತೊಡಗಿತು. ಮೊದಲು ಮಾವನ ತಲೆ, ಆಮೇಲೆ ಭಾವನ ಹುಬ್ಬು. ನಾನು ನಾದಿನಿಯ ಮುಖ ಒಂದನ್ನೇ ಕಾಯುತ್ತಾ, ಭಾವನಿಗೆ ಹೇಳಬೇಕಾದ ಮಾತನ್ನು ತುಟಿಯಲ್ಲೇ ಕಲಿಯುತ್ತಾ ನಿಂತಿದ್ದೆ. ಕಂಪ್ಯೂಟರ್ ಕೆಟ್ಟಿತ್ತು ಭಾವ, ಹೇಗೋ ಬಂದುಬಿಟ್ಟಿದೆ. ಇಲ್ಲ, ಅದು ಬೇಡ. ಗಂಡ ಕೆಲಸ ಮುಗಿಸಿ ನೇರವಾಗಿ ಅಲ್ಲಿಗೇ ಬಂದ. ನಾದಿನಿಯನ್ನು ಕಂಡು ನನ್ನ ಮುಖ ನೋಡಿದ.

"ಹಾಕ್ಬಿಟ್ಯಾ?"

"ಹಾಕ್ಬಿಟ್ಟೆ."

"ಹೂಂ," ಎಂದ. ಸ್ವಲ್ಪ ತಡೆದು ಇನ್ನೊಂದು ಹೂಂ ಸೇರಿಸಿದ. ಸುರುಳಿಯ ಒಂದು ತುದಿಯನ್ನು ಅವನು, ಇನ್ನೊಂದು ತುದಿಯನ್ನು ನಾನು ಹೆಗಲ ಮೇಲಿಟ್ಟುಕೊಂಡು ಏಣಿ ಹೊತ್ತವರ ಹಾಗೆ ಮನೆಯವರೆಗೆ ನಡೆದೆವು.

ಹಾಲಿನ ಗೋಡೆಗೆ ಅದನ್ನು ಅಂಟಿಸಿ ಮುಗಿಸಿದಾಗ ಹೊರಗೆ ಇನ್ನೂ ಬೆಳಕಿತ್ತು. ಭಾವ, ಅವರ ಹೆಂಡತಿ ಇಬ್ಬರೂ ನೋಡಿದರು. ಭಾವನ ಮುಖ ಕಪ್ಪಾಯಿತು. ಅವರು ಬಾಯಿ ತೆರೆಯುವ ಮೊದಲೇ ಅತ್ತೆ ಕುರ್ಚಿಯಿಂದ ಎದ್ದು, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಎಡ ತುದಿಯಿಂದ ಶುರು ಮಾಡಿದರು. ಮುಖದಿಂದ ಮುಖಕ್ಕೆ ಬೆರಳು ಆಡಿಸುತ್ತಾ ಬಂದರು.

"ಇದು ದೊಡ್ಡವನು. ಇಲ್ಲೂ ಮುಖ ಗಂಟು." ಭಾವನ ಹೆಂಡತಿ ಕಿಸಕ್ಕೆಂದರು. "ಇದು... ಓ, ಇವರು." ಮಾವನ ಎದುರು ಬಹಳ ಹೊತ್ತು ನಿಂತರು. "ಇಷ್ಟು ನೀಟಾಗಿ ಯಾವತ್ತು ತಲೆ ಬಾಚ್ಕೊಂಡಿದ್ರು? ನೀನೇ ಬಾಚಿದ್ದಾ ಕಂಪ್ಯೂಟರಮ್ಮ?"

"ನಾನೇ ಅತ್ತೆ."

ಅಲ್ಲಿಂದ ತಮ್ಮದೇ ಮುಖಕ್ಕೆ ಬಂದು, ಅದನ್ನು ದಾಟಿ, ಕುರ್ಚಿಯ ಬೆನ್ನಿನ ಮೇಲಿದ್ದ ಕೈಯ ಹತ್ತಿರ ನಿಂತರು. ಬೆರಳು ಆ ಕೈಯಿಂದ ತೋಳಿಗೆ, ತೋಳಿನಿಂದ ಭುಜಕ್ಕೆ, ಭುಜದಿಂದ ಕೆನ್ನೆಗೆ ಏರಿತು.

ಭಾವ ನನ್ನ ಕಡೆ ತಿರುಗಿದರು. "ಏನಮ್ಮಾ ಇದು? ನಾನು ಹೇಳಿದ್ದೇನು, ನೀನು ಮಾಡಿದ್ದೇನು?"

ಕಲಿತಿದ್ದ ಸುಳ್ಳು ಯಾವುದೂ ಬಾಯಿಗೆ ಬರಲಿಲ್ಲ. "ಬೇಕಂತಲೇ ಹಾಕ್ದೆ ಭಾವ," ಎಂದೆ.

"ಮಚ್ಚೆ ಎಡಗಡೆ ಅಲ್ವೇನೇ ಇರೋದು?" ಅತ್ತೆ ಗೋಡೆಯಿಂದ ಮುಖ ತೆಗೆಯದೆ ಕೇಳಿದರು. "ಬಲಗೆನ್ನೆಗೆ ಯಾಕಿಟ್ಟೆ?"

ನಾಲಿಗೆ ಕಚ್ಚಿಕೊಂಡೆ. ಫೋಟೋ ತಿರುಗಿಸಿದಾಗ ಮಚ್ಚೆಯೂ ತಿರುಗಿತ್ತು. ಈ ಹಾಳೆ ತೆರೆಯುವ ದಿನ ಬರುತ್ತದೆಂದು ನನಗೇ ನಂಬಿಕೆ ಇರಲಿಲ್ಲವಾದ್ದರಿಂದ ಅದನ್ನು ಸರಿಮಾಡಿರಲಿಲ್ಲ. "ಬೆಳಕಿಗೋಸ್ಕರ ತಿರುಗಿಸಿದ್ದೆ ಅತ್ತೆ..."

"ನಿನ್ನ ಬೆಳಕು ಹಾಳಾಗ್ಲಿ. ಹೆತ್ತವಳಿಗೆ ಮಚ್ಚೆ ಎಲ್ಲಿದೆ ಅಂತ ಗೊತ್ತಿರಲ್ವಾ?" ಅವರ ಅಂಗೈ ಆ ಕೆನ್ನೆಯ ಮೇಲೆ ಹರಡಿಕೊಂಡಿತು. ಹಾಗೇ ನಿಂತು ಮಗನಿಗೆ ಹೇಳಿದರು. "ನಾನು ಎಲ್ರೂ ಅಂದಿದ್ದೆ ಕಣೋ. ಇವತ್ತು ಕೂಗಾಡ್ಬೇಡ. ನನಗೆ ನೋಡೋದಿದೆ."

ಭಾವ ಕುರ್ಚಿಯಲ್ಲಿ ಕುಸಿದು ತಮ್ಮ ಕಾಲು ನೋಡಿಕೊಳ್ಳುತ್ತಾ ಕೂತರು. ಗೆದ್ದೆ ಅಂದುಕೊಂಡೆ. ಅತ್ತೆ ಮುಂದುವರಿದು ಬಲ ಅಂಚಿನವರೆಗೆ ಹೋದರು. ಅಲ್ಲಿಂದ ವಾಪಸು ಎಡಕ್ಕೆ ಬಂದರು. ಮತ್ತೆ ಬಲಕ್ಕೆ ಹೋದರು. ಬರೀ ಗೋಡೆ ಇದ್ದ ಕಡೆಯೂ ಬೆರಳು ಆಡಿಸಿದರು.

"ಏನು ಹುಡುಕ್ತಿದೀರಾ ಅತ್ತೆ?"

"ನಿನ್ನನ್ನ."

ಬಲ ಅಂಚನ್ನು ನೋಡಿದೆ. ಗೋಡೆ ಇತ್ತು, ನಾನು ಇರಲಿಲ್ಲ. ಪರೀಕ್ಷೆಗೆಂದು ಮುಚ್ಚಿದ್ದ ನನ್ನ ಹಾಳೆಯನ್ನು ಕರೆಂಟು ಹೋದ ಗಡಿಬಿಡಿಯಲ್ಲಿ ತೆರೆದೇ ಇರಲಿಲ್ಲ. ಪಟ್ಟಿಯ ಬುಡದಲ್ಲಿ ಅಡಗಿ ಕೂತಿದ್ದ ನನ್ನನ್ನು, ಬೇಡದ ಪರದೆಗಳ ಜೊತೆ ನಾನೇ ಅಳಿಸಿಹಾಕಿದ್ದೆ.

"ಅಯ್ಯೋ, ಹೌದಲ್ವಾ," ಎಂದರು ಭಾವನ ಹೆಂಡತಿ. ನನ್ನ ಗಂಡ ನನ್ನನ್ನೂ ಗೋಡೆಯನ್ನೂ ಪೆಚ್ಚಾಗಿ ನೋಡಿದ. ಇಷ್ಟು ಜನ ಕಣ್ಣಿದ್ದವರು, ಯಾರಿಗೂ ಕಂಡಿರಲಿಲ್ಲ. ಮೆಷೀನಿನ ಮುಂದೆ ಅಷ್ಟು ಹೊತ್ತು ನಿಂತ ನನಗೂ ಕಂಡಿರಲಿಲ್ಲ. ಮೊದಲು ನಗು ಬಂತು. ನಗುತ್ತಿದ್ದ ಹಾಗೇ ಅಳು ಬಂತು, ತಡೆಯಲಾಗಲಿಲ್ಲ.

"ಅಳಿಸಿಬಿಟ್ಟೆ ಅತ್ತೆ. ಜಾಗ ಸಾಲ್ಲಿಲ್ಲ."

"ಜಾಗ ಸಾಲ್ಲಿಲ್ವಂತೆ! ಇಡೀ ಗೋಡೆ ತಗೊಂಡಿದಾಳೆ!" ಗದರುತ್ತಲೇ ನನ್ನ ಕಡೆ ತಿರುಗಿದರು. "ಇವರನ್ನೆಲ್ಲ ನೋಡಾಯ್ತು. ಕಣ್ಣಿನ ಕಟ್ಟು ಬಿಚ್ಚೋ ದಿನ ಎದುರಿಗೆ ಬೇರೆ ಯಾರೂ ಬೇಡ. ನೀನು ಬಂದು ನಿಂತ್ಕೋ."

"ಬಿಚ್ಚಿದಾಗ ಕಾಣ್ಲಿಲ್ಲ ಅಂದ್ರೆ?" ಕೇಳಬಾರದಿತ್ತು, ಬಾಯಿ ಜಾರಿತು.

"ಅದಕ್ಕೇ. ಈಗ್ಲೇ ಬಾ ಇಲ್ಲಿ."

ಗದ್ದ ಹಿಡಿದು ನನ್ನ ಮುಖವನ್ನು ಎಳೆದುಕೊಂಡರು. ಗೋಡೆಗೆ ಮೂಗು ತಾಗಿಸಿದ ಹಾಗೆಯೇ ನನ್ನ ಮೂಗಿಗೆ ಮೂಗು ತಾಗಿಸಿ, ಆ ಮಂಜು ಕವಿದ ಕಣ್ಣನ್ನು ಅಗಲಿಸಿ, ಹಣೆಯಿಂದ ಶುರು ಮಾಡಿದರು. ಹುಬ್ಬು, ರೆಪ್ಪೆ, ಒದ್ದೆಯಾದ ಕೆನ್ನೆ. ಅವರ ಉಸಿರು ನನ್ನ ಮುಖಕ್ಕೆ ಬಡಿಯುತ್ತಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾವಿಬ್ಬರೂ ಇಷ್ಟು ಹತ್ತಿರ ನಿಂತದ್ದಿಲ್ಲ.

"ತಾಳೇ, ಅಲ್ಲಾಡ್ಬೇಡ," ಎಂದರು.

ಬೆಳಗಿನಿಂದ ಒಂದು ಕಡೆ ಕೂರಲಾಗದೆ ಒದ್ದಾಡಿದವಳು, ಅವರು ನೋಡಿ ಮುಗಿಸುವವರೆಗೂ ಅಲ್ಲಾಡದೆ ನಿಂತೆ.